ಮೋರಿಯ ಬಳಿ ಹುಟ್ಟಿದ ತುಳಸಿ, ಗೋಡೆಯಲ್ಲಿ ಚಿಗುರಿದ ಅರಳಿ

ಈ ಸಲ ಬಂದ ಪತ್ರಗಳಲ್ಲಿ ಗಿಡಗಳದ್ದೇ ಹೆಚ್ಚು. ಮಳೆಗಾಲ ಮುಗಿದು ಕಾರ್ತೀಕ ಹತ್ತಿರ ಬರುವಾಗ ಪ್ರತಿವರ್ಷ ಹೀಗಾಗುತ್ತದೆ. ಎಲ್ಲೆಲ್ಲೋ ಬಿದ್ದ ಬೀಜ ಮಳೆಯ ನೀರು ಕುಡಿದು ಮೇಲೇಳುತ್ತದೆ. ನಾವು ಆಸೆಪಟ್ಟು ನೆಟ್ಟದ್ದು ಬಾಡುತ್ತದೆ, ಯಾರೂ ನೆಡದೇ ಇದ್ದದ್ದು ಸೊಂಪಾಗಿ ನಿಲ್ಲುತ್ತದೆ. ಆಗ "ಇದೇನು ಸೂಚನೆ ಸ್ವಾಮಿ?" ಎಂಬ ಪ್ರಶ್ನೆ. ಬಂದವುಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಓದುಗರು ಸಹಿಸಿಕೊಳ್ಳಬೇಕು. ಅದರಲ್ಲಿ ಗಿಡದ ಮಾತಿಗಿಂತ ಒಬ್ಬ ಹೆಣ್ಣುಮಗಳ ಮಾತು ದೊಡ್ಡದಿದೆ.

ಪ್ರಶ್ನೆ: ನಮ್ಮ ಮಗನ ಮದುವೆಯಾಗಿ ಹತ್ತು ತಿಂಗಳಾಯಿತು. ಮದುವೆಗೆ ಮುಂಚೆ ಮನೆಯ ಮುಂದೆ ಗ್ರಾನೈಟ್‌ನಲ್ಲಿ ಹೊಸ ಬೃಂದಾವನ ಮಾಡಿಸಿದೆವು. ಸೊಸೆ ಬಂದ ಮೇಲೆ ಅದರಲ್ಲಿ ನೆಟ್ಟ ತುಳಸಿ ಮೂರು ಸಲ ಒಣಗಿತು. ನಿತ್ಯಪೂಜೆ ಅವಳೇ ಮಾಡುತ್ತಿದ್ದಳು. ಆಶ್ಚರ್ಯವೆಂದರೆ, ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಮೋರಿಯ ಪಕ್ಕ ಸಿಮೆಂಟ್ ನೆಲದ ಬಿರುಕಿನಲ್ಲಿ, ಯಾರೂ ನೆಡದ ಕೃಷ್ಣ ತುಳಸಿ ಸೊಂಟದೆತ್ತರ ಬೆಳೆದಿದೆ. ನಮಗೆ ಪರಿಚಯದವರೊಬ್ಬರು ಇದನ್ನು ನೋಡಿ, ಲಕ್ಷ್ಮಿ ಮುಂಬಾಗಿಲು ಬಿಟ್ಟು ಮೋರಿಗೆ ಹೋಗಿದ್ದಾಳೆ, ಇದು ಸೊಸೆಯ ಕಾಲ್ಗುಣ, ದೊಡ್ಡ ಶಾಂತಿ ಆಗಬೇಕು, ಅಲ್ಲಿಯವರೆಗೆ ಅವಳು ತುಳಸಿ ಮುಟ್ಟಬಾರದು ಎಂದರು. ಎರಡು ತಿಂಗಳಿಂದ ಅವಳು ಬೃಂದಾವನದ ಹತ್ತಿರ ಹೋಗುತ್ತಿಲ್ಲ. ಮೋರಿಯ ತುಳಸಿಯನ್ನು ಪೂಜಿಸಬಹುದೇ, ಕೀಳಬೇಕೇ? ಯಾವ ಶಾಂತಿ ಮಾಡಿಸಬೇಕು?
– ಹೆಸರು ಬೇಡ, ಬೆಂಗಳೂರು

ಉತ್ತರ: ತಾಯೀ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಯಾವ ಶಾಂತಿಯೂ ಬೇಡ. ಅದಕ್ಕೆ ಎಷ್ಟು ಕೇಳಿದರೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಕೊಟ್ಟಿಲ್ಲವಾದರೆ ಆ ಹಣ ಹಾಗೇ ಇರಲಿ.

ಈಗ ತುಳಸಿ ಯಾಕೆ ಒಣಗಿತು ನೋಡೋಣ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಗ್ರಾನೈಟ್‌ನ ಹೊಸ ಬೃಂದಾವನ ಅಂದಿರಲ್ಲ, ಅದರ ತಳದಲ್ಲಿ ನೀರು ಹೋಗಲು ತೂತು ಇದೆಯೇ? ಈಗ ಸಿದ್ಧವಾಗಿ ಬರುವ ಬೃಂದಾವನಗಳಲ್ಲಿ ನಾನು ನೋಡಿದ ಬಹುಪಾಲಿಗೆ ತೂತೇ ಇರುವುದಿಲ್ಲ. ನೋಡಲು ಬಹಳ ಚಂದ. ನಾಲ್ಕು ಕಡೆ ಕೆತ್ತನೆ, ದೀಪಕ್ಕೆ ಗೂಡು, ಮೇಲೆ ಪದ್ಮದ ಅಂಚು. ಒಳಗೆ ಮಾತ್ರ ಒಂದು ಗೇಣು ಅಗಲದ ಕಲ್ಲಿನ ಡಬ್ಬಿ. ನಮ್ಮ ಹಿರಿಯರ ಬೃಂದಾವನ ಇಟ್ಟಿಗೆ ಮಣ್ಣಿನದು, ಅಂಗಳದ ನೆಲದ ಮೇಲೇ ಕಟ್ಟಿದ್ದು, ಅದರ ಕೆಳಗೆ ಭೂಮಿ. ತುಳಸಿಯ ಬೇರು ಕಟ್ಟೆಯನ್ನು ದಾಟಿ ನೆಲಕ್ಕೇ ಇಳಿಯುತ್ತಿತ್ತು. ಹೊಯ್ದ ನೀರು ಎಷ್ಟಾದರೂ ಭೂಮಿತಾಯಿ ಕುಡಿಯುತ್ತಿದ್ದಳು. ಈಗಿನದರಲ್ಲಿ ಹೊಯ್ದ ನೀರು ಅಲ್ಲೇ ನಿಲ್ಲುತ್ತದೆ. ಬೇರಿಗೂ ಉಸಿರು ಬೇಕು ತಾಯೀ. ನೀರಿನಲ್ಲಿ ನಿಂತ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಬೇರು ಕೊಳೆತ ಮೇಲೆ ಸುತ್ತ ನೀರಿದ್ದರೂ ಎಲೆಗೆ ತಲುಪುವುದಿಲ್ಲ. ನಾವು ಗಿಡ ಒಣಗಿತು ಅನ್ನುತ್ತೇವೆ, ಇನ್ನೊಂದು ತಂಬಿಗೆ ಹೆಚ್ಚು ಹೊಯ್ಯುತ್ತೇವೆ.

ಕಳೆದ ಸಲ ಒಣಗಿದ ಗಿಡವನ್ನು ಕಿತ್ತಾಗ ಬೇರು ಹೇಗಿತ್ತು, ನೆನಪು ಮಾಡಿಕೊಳ್ಳಿ. ಕಪ್ಪಗೆ, ಮೆತ್ತಗೆ ಇತ್ತೇ? ಮಣ್ಣಿಗೆ ಹುಳಿ ವಾಸನೆ ಬರುತ್ತಿತ್ತೇ? ಹಾಗಿದ್ದರೆ ತುಳಸಿ ಸತ್ತದ್ದು ಬಾಯಾರಿಕೆಯಿಂದ ಅಲ್ಲ. ಹೊಸದಾಗಿ ಬಂದ ಸೊಸೆ, ಅತ್ತೆಮನೆಯಲ್ಲಿ ಒಳ್ಳೆಯ ಹೆಸರು ತೆಗೆದುಕೊಳ್ಳಬೇಕೆಂಬ ಹುಡುಗಿ, ಭಕ್ತಿಯಿಂದ ಒಂದು ತಂಬಿಗೆಗೆ ಎರಡು ಹೊಯ್ದಿರಬಹುದು. ಆಮೇಲೆ ನೀವು, ನಿಮ್ಮ ಯಜಮಾನರು, ಹಬ್ಬಕ್ಕೆ ಬಂದ ನೆಂಟರು, ಪ್ರದಕ್ಷಿಣೆಗೊಂದು ಉದ್ಧರಣೆ. ತಳದಲ್ಲಿ ತೂತಿದ್ದರೆ ಅದೆಲ್ಲ ಇಳಿದು ಹೋಗುತ್ತಿತ್ತು. ತೂತು ಕೊರೆಯದವನು ಕಲ್ಲಿನವನು. ಅವನ ಕಾಲ್ಗುಣದ ಬಗ್ಗೆ ಯಾರೂ ಮಾತಾಡಲಿಲ್ಲ!

ಇನ್ನೂ ಕೆಲವು ಕಾರಣಗಳುಂಟು, ಬೇಗ ಹೇಳಿ ಮುಗಿಸುತ್ತೇನೆ. ಬುಡಕ್ಕೆ ಹಾಲು ಹೊಯ್ಯುವುದು, ಅರಿಶಿನ ಕುಂಕುಮವನ್ನು ಮಣ್ಣಿನ ಮೇಲೆ ರಾಶಿ ಹಾಕುವುದು. ಅಂಗಡಿಯ ಕುಂಕುಮದಲ್ಲಿ ಏನೇನು ಬಣ್ಣ ಬೆರೆತಿರುತ್ತದೋ, ಅದು ಬೇರಿಗೆ ಇಳಿದರೆ ಒಳ್ಳೆಯದಲ್ಲ. ಎಣ್ಣೆ ದೀಪವನ್ನು ಕಾಂಡಕ್ಕೆ ತಾಗುವಷ್ಟು ಹತ್ತಿರ ಇಡುವುದು, ಊದಿನಕಡ್ಡಿಯನ್ನು ಮಣ್ಣಿಗೇ ಚುಚ್ಚುವುದು. ಮಧ್ಯಾಹ್ನದ ಬಿಸಿಲಿಗೆ ಗ್ರಾನೈಟ್ ಕಾವಲಿಯ ಹಾಗೆ ಕಾಯುವುದು. ಮುಖ್ಯವಾಗಿ ಮಂಜರಿಯನ್ನು, ಅಂದರೆ ಕದಿರನ್ನು, ಕೀಳದೆ ಬಿಡುವುದು. ತುಳಸಿಗೆ ಕದಿರು ಬಂದು ಬೀಜ ಕಟ್ಟಿತೆಂದರೆ ಅದರ ಶಕ್ತಿಯೆಲ್ಲ ಬೀಜಕ್ಕೆ ಹೋಗುತ್ತದೆ, ಎಲೆ ಸಣ್ಣದಾಗಿ ಗಿಡ ಮುದಿಯಾಗುತ್ತದೆ. ಕದಿರು ಕೀಳುವುದು ಪಾಪ ಎಂದು ಕೆಲವರು ಹೆದರುತ್ತಾರೆ. ಪಾಪ ಎಲ್ಲಿಂದ ಬಂತು? ಮಂಜರಿ ಸಹಿತವಾದ ತುಳಸಿ ವಿಷ್ಣುವಿಗೆ ಅತಿಪ್ರಿಯ. ಕಿತ್ತು ಅರ್ಪಿಸಿ, ಗಿಡವೂ ಚಿಗುರುತ್ತದೆ. ಅಷ್ಟೆಲ್ಲ ಮಾಡಿದರೂ ಕುಂಡದ ತುಳಸಿ ಎರಡು ಮೂರು ವರ್ಷ ಚೆನ್ನಾಗಿದ್ದು ಆಮೇಲೆ ಸೊರಗುವುದು ಸಹಜ. ಅದರ ಆಯುಸ್ಸು ಅಷ್ಟು. ಹಳೆಯ ಮನೆಗಳಲ್ಲಿ ಒಂದೇ ತುಳಸಿ ನೂರು ವರ್ಷ ಇರಲಿಲ್ಲ. ಬಿದ್ದ ಬೀಜದಿಂದ ಮಗಳು ತುಳಸಿ, ಅದರಿಂದ ಮೊಮ್ಮಗಳು ತುಳಸಿ ಏಳುತ್ತಿದ್ದವು, ನಮಗೆ ಒಂದೇ ಗಿಡದ ಹಾಗೆ ಕಾಣುತ್ತಿತ್ತು.

ಮೋರಿಯ ತುಳಸಿಯ ಗುಟ್ಟೂ ಅದೇ. ಗ್ರಾನೈಟ್ ಬೃಂದಾವನಕ್ಕೆ ಮೊದಲು ನಿಮ್ಮ ಮನೆಯಲ್ಲಿ ಕುಂಡದಲ್ಲೋ ಡಬ್ಬದಲ್ಲೋ ತುಳಸಿ ಇದ್ದೇ ಇರಬೇಕಲ್ಲ. ಅದರ ಕದಿರಿನ ಬೀಜ, ಸಾಸಿವೆಗಿಂತ ಎಷ್ಟೋ ಸಣ್ಣದು, ಅಂಗಳ ತೊಳೆದ ನೀರಿನ ಜೊತೆ ಹರಿದು ಹಿತ್ತಲ ಬಿರುಕಿನಲ್ಲಿ ಕೂತಿರಬೇಕು. ಬಿರುಕು ನಮ್ಮ ಕಣ್ಣಿಗೆ ದರಿದ್ರ ಜಾಗ. ಗಿಡಕ್ಕೆ ಅದು ಒಳ್ಳೆಯ ಮನೆ. ಮೇಲಿನ ಸಿಮೆಂಟ್ ಮುಚ್ಚಳದ ಹಾಗೆ ಇರುವುದರಿಂದ ಕೆಳಗಿನ ಮಣ್ಣು ಬೇಗ ಆರುವುದಿಲ್ಲ, ಬುಡ ತಂಪಾಗಿರುತ್ತದೆ. ಹೆಚ್ಚಾದ ನೀರು ಇಳಿದು ಹೋಗುತ್ತದೆ. ಬೇರಿಗೆ ಕೆಳಗೆ ಬೇಕಾದಷ್ಟು ನೆಲ. ಪಕ್ಕದಲ್ಲಿ ಬೇರೆ ಗಿಡದ ಪೈಪೋಟಿ ಇಲ್ಲ, ಹಿತ್ತಲಲ್ಲಿ ಬಿಸಿಲಿದೆ. ಮತ್ತೆ, ಯಾರೂ ಅದಕ್ಕೆ ಹಾಲು ಹೊಯ್ಯಲಿಲ್ಲ, ದೀಪದಿಂದ ಸುಡಲಿಲ್ಲ. ಲಕ್ಷ್ಮಿ ನಿಮ್ಮ ಮನೆ ಬಿಟ್ಟು ಎಲ್ಲೂ ಹೋಗಿಲ್ಲ. ಅದು ನಿಮ್ಮ ಹಳೆಯ ತುಳಸಿಯ ಮಗಳು, ಹಿತ್ತಲಲ್ಲಿ ಬೆಳೆಯುತ್ತಿದ್ದಾಳೆ.

ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳುವವರಿಗೆ ಶಾಸ್ತ್ರವನ್ನೇ ಹೇಳುತ್ತೇನೆ. ನಾವು ಜ್ಯೋತಿಷಿಗಳಿಗೆ ವರಾಹಮಿಹಿರಾಚಾರ್ಯರ ಬೃಹತ್ಸಂಹಿತೆಗಿಂತ ದೊಡ್ಡ ಸಂಹಿತಾ ಗ್ರಂಥವಿಲ್ಲ. 6ನೇ ಶತಮಾನದ್ದು. ಅದರಲ್ಲಿ ಗಿಡಗಳ ವಿಷಯ ಬೇರೆ ಬೇರೆ ಕಡೆ ಬರುತ್ತದೆ. ಒಂದು, ಉತ್ಪಾತಾಧ್ಯಾಯದಲ್ಲಿ. ಮರದಿಂದ ಹಾಲು ಸುರಿಯುವುದು, ಅಕಾಲದಲ್ಲಿ ಹೂ ಹಣ್ಣು ಬಿಡುವುದು ಇಂಥವು. ಆ ಭಾಗವನ್ನು ಓದಿದವರಿಗೆ ಗೊತ್ತು, ಅಲ್ಲಿನ ಫಲಗಳಲ್ಲಿ ಯುದ್ಧ, ರೋಗ, ರಾಜ್ಯದಲ್ಲಿ ಒಡಕು ಇಂಥ ಮಾತುಗಳಿವೆ. ನೋಟ ರಾಜ್ಯದ ಮೇಲೆ, ಜನಪದದ ಮೇಲೆ. ಕುಂಡದ ಗಿಡ ನೋಡಿ ಸೊಸೆಯ ಗುಣ ಅಳೆಯುವ ಮಾತು ಅಲ್ಲಿಲ್ಲ. ಇನ್ನೊಂದು, ವೃಕ್ಷಾಯುರ್ವೇದದ ಅಧ್ಯಾಯ. ಅಲ್ಲಿ ಆಚಾರ್ಯರು ಗಿಡಕ್ಕೆ ರೋಗ ಯಾಕೆ ಬರುತ್ತದೆಂದು ನೇರವಾಗಿ ಹೇಳುತ್ತಾರೆ. ಶೀತದಿಂದ, ಗಾಳಿಯಿಂದ, ಬಿಸಿಲಿನಿಂದ. ಲಕ್ಷಣಗಳನ್ನೂ ಹೇಳುತ್ತಾರೆ: ಎಲೆ ಬಿಳಿಚುವುದು, ಮೊಗ್ಗು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು. ಚಿಕಿತ್ಸೆಯೂ ಇದೆ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ವಾಯುವಿಳಂಗ, ತುಪ್ಪ, ಕೆಸರು ಕಲಸಿ ಮೆತ್ತುವುದು. ಅಂದರೆ ಒಣಗುವ ಗಿಡಕ್ಕೆ ಆಚಾರ್ಯರು ಕೊಟ್ಟದ್ದು ಔಷಧ. ಕಾಲ್ಗುಣದ ಮಾತು ಆ ಅಧ್ಯಾಯದ ಹತ್ತಿರ ಸುಳಿಯುವುದಿಲ್ಲ. ಜಾತಕದ ಹನ್ನೆರಡು ಭಾವಗಳಲ್ಲಿ ತನು, ಧನ, ಸಹಜ, ಸುಖ ಎಂದು ಎಲ್ಲವೂ ಇವೆ. ಅತ್ತೆಮನೆಯ ತುಳಸಿಗೆ ಅಂತ ಹದಿಮೂರನೆಯ ಭಾವ ಇಲ್ಲ.

ಮತ್ತೂ ಒಂದು ಮಾತು. ಒಣಗಿದ ತುಳಸಿ ಅಶುಭ ಎನ್ನುತ್ತಾರಲ್ಲ, ಪೂಜಾಕಲ್ಪದಲ್ಲಿ ಏನಿದೆ? ಹೂ ಬಾಡಿದರೆ ಬರುವುದಿಲ್ಲ, ನಿನ್ನೆಯದು ಇಂದಿಗೆ ಪರ್ಯುಷಿತ. ಆದರೆ ತುಳಸಿಗೆ, ಗಂಗಾಜಲಕ್ಕೆ ಆ ದೋಷವಿಲ್ಲ. ಹಸಿ ಸಿಗದಿದ್ದರೆ ಒಣಗಿದ ದಳವನ್ನೂ ಅರ್ಪಿಸಬಹುದು. ಒಣಗಿದ ಕಾಷ್ಠವನ್ನು ಜಪಮಾಲೆ ಮಾಡುತ್ತಾರೆ, ತೇಯ್ದು ಗಂಧ ತೆಗೆಯುತ್ತಾರೆ. ಒಣಗಿದ್ದು ಅಮಂಗಳವಾಗಿದ್ದರೆ ಕೊರಳಿಗೆ ಹಾಕಿಕೊಳ್ಳುತ್ತಿದ್ದರೇ? ನೀವು ಕಿತ್ತ ಮೂರು ಗಿಡಗಳ ಕಾಂಡ ಎಸೆದಿಲ್ಲವಾದರೆ ತೊಳೆದು ಇಟ್ಟುಕೊಳ್ಳಿ.

ಇನ್ನು ಮೋರಿಯ ಗಿಡ. ಗಿಡ ಅಶುದ್ಧವಲ್ಲ, ಜಾಗ ಮಾತ್ರ ಅನುಕೂಲವಲ್ಲ. ಅಲ್ಲಿ ಸೋಪಿನ ನೀರು ಎರಚುತ್ತದೆ, ಚಪ್ಪಲಿ ಕಾಲು ತಾಗುತ್ತದೆ. ಹಾಗಾಗಿ ಆ ಎಲೆಯನ್ನು ನೇರವಾಗಿ ತೀರ್ಥಕ್ಕೆ ಹಾಕಬೇಡಿ. ಹಾಗಂತ ಕೀಳಲೂ ಬೇಡಿ. ಸೊಂಟದೆತ್ತರದ ಗಿಡವನ್ನು ಬಿರುಕಿನಿಂದ ಎಳೆದರೆ ಬೇರು ಒಳಗೇ ಕಡಿದು ಹೋಗುತ್ತದೆ, ಗಿಡ ಬದುಕುವುದು ಕಷ್ಟ. ತಾಯಿ ಗಿಡ ಇದ್ದಲ್ಲೇ ಇರಲಿ. ಸುತ್ತ ನಾಲ್ಕು ಇಟ್ಟಿಗೆ ಅಡ್ಡ ಇಟ್ಟು ಕಾಲು ತಾಗದಂತೆ, ಬಚ್ಚಲ ನೀರು ಮುಟ್ಟದಂತೆ ಮಾಡಿ. ಒಂದು ಬೆಳಿಗ್ಗೆ ಸ್ನಾನ ಮಾಡಿ, ತುಳಸಿಯ ಕ್ಷಮೆ ಕೇಳಿ, ಕದಿರಿಲ್ಲದ ಗೇಣುದ್ದದ ಐದಾರು ಕಡ್ಡಿಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿಕೊಳ್ಳಿ. ದ್ವಾದಶಿ ಬೇಡ, ಭಾನುವಾರ ಬೇಡ, ಸೂರ್ಯಾಸ್ತದ ಮೇಲೆ ಬೇಡ. ಬೇರೆ ನಿಷೇಧಗಳು ಮನೆತನದಿಂದ ಮನೆತನಕ್ಕೆ ಭಿನ್ನ, ನಿಮ್ಮಲ್ಲಿ ಇರುವುದನ್ನು ಅನುಸರಿಸಿ. ಕೆಳಗಿನ ಎಲೆ ತೆಗೆದು ಒಂದು ಲೋಟ ನೀರಿನಲ್ಲಿ ನೆರಳಿನಲ್ಲಿಡಿ, ದಿನ ಬಿಟ್ಟು ದಿನ ನೀರು ಬದಲಿಸಿ. ಒಂದೆರಡು ವಾರದಲ್ಲಿ ಬಿಳಿ ಬೇರು ಇಣುಕುತ್ತದೆ.

ಅಷ್ಟರಲ್ಲಿ ಬೃಂದಾವನಕ್ಕೆ ಕೆಲಸದವರನ್ನು ಕರೆಸಿ ತಳಕ್ಕೆ ತೂತು ಕೊರೆಸಿ. ಹಳೆಯ ಮಣ್ಣು ಪೂರ್ತಿ ತೆಗೆಸಿ. ತೂತಿನ ಮೇಲೆ ಒಡೆದ ಹೆಂಚಿನ ಚೂರು, ಅದರ ಮೇಲೆ ಕೆಂಪು ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿದ್ದು. ಮರಳು ಧಾರಾಳವಾಗಿರಲಿ. ಪೂಜೆಯ ನೀರು ಒಂದು ಉದ್ಧರಣೆ ಸಾಕು, ಸಂಕಲ್ಪ ಅದರಲ್ಲೇ ಪೂರ್ತಿಯಾಗುತ್ತದೆ. ಗಿಡದ ಬಾಯಾರಿಕೆ ಬೇರೆ ಲೆಕ್ಕ, ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಹೊಯ್ಯಿರಿ. ಅರಿಶಿನ ಕುಂಕುಮ ಕಲ್ಲಿಗೆ ಹಚ್ಚಿ, ಮಣ್ಣಿಗೆ ಬೇಡ. ಕಾರ್ತೀಕ ಶುಕ್ಲ ದ್ವಾದಶಿ, ನಮ್ಮ ಉತ್ಥಾನ ದ್ವಾದಶಿ, ಬರುತ್ತಿದೆ. ಅಂದು ನೆಲ್ಲಿಯ ಕೊಂಬೆಯ ಜೊತೆ ಈ ಬೇರು ಬಂದ ತುಳಸಿಯನ್ನೂ ನೆಡಬಹುದು. ಅಂದು ಕೀಳಬಾರದು ಅಷ್ಟೇ, ನೆಡುವುದಕ್ಕೆ ಅಡ್ಡಿಯಿಲ್ಲ.

ನೆಡುವವರು ಯಾರು? ಇದಕ್ಕಾಗಿಯೇ ಇಷ್ಟೆಲ್ಲ ಬರೆದೆ. ಹತ್ತು ತಿಂಗಳ ಹಿಂದೆ ಆ ಹುಡುಗಿಯನ್ನು ಮನೆ ತುಂಬಿಸಿಕೊಂಡಿರಿ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರನ್ನಿಟ್ಟು ಬಲಗಾಲಿನಿಂದ ಒದೆಸಿ, ಮನೆಗೆ ಲಕ್ಷ್ಮಿ ಬಂದಳು ಎಂದು ಆರತಿ ಎತ್ತಿದವರು ನೀವೇ. ವಿವಾಹದಲ್ಲಿ ನಾವು ಪುರೋಹಿತರು ಹೇಳುವ ಋಗ್ವೇದದ ಮಂತ್ರವೊಂದಿದೆ. ಮಾವನ ಮುಂದೆ, ಅತ್ತೆಯ ಮುಂದೆ, ಮೈದುನ ನಾದಿನಿಯರ ಮುಂದೆ ನೀನು ಸಾಮ್ರಾಜ್ಞಿಯಾಗಿರು ಎಂದು ವಧುವನ್ನು ಹರಸುವ ಮಂತ್ರ. ಛತ್ರದ ಗಲಾಟೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ, ಅಷ್ಟು ಹೊತ್ತಿಗೆ ಎಲ್ಲರೂ ಊಟದ ಮನೆಯಲ್ಲಿರುತ್ತಾರೆ. ಆದರೆ ಅಗ್ನಿಸಾಕ್ಷಿಯಾಗಿ ಹೇಳಿದ ಮಾತು ಅದು. ಕುಂಡದಲ್ಲಿ ನೀರು ನಿಂತಿತು ಅನ್ನುವ ಕಾರಣಕ್ಕೆ ವೇದ ಕೊಟ್ಟ ಪಟ್ಟವನ್ನು ಕಿತ್ತುಕೊಳ್ಳಲು ಯಾರಿಗೆ ಅಧಿಕಾರವಿದೆ? ಎರಡು ತಿಂಗಳು ಮನೆಯ ಮುಂದಿನ ತುಳಸಿಯನ್ನು ದೂರದಿಂದ ನೋಡಿಕೊಂಡು ಓಡಾಡಿದ ಆ ಮಗುವಿನ ಮನಸ್ಸು ಏನಾಗಿರಬೇಕು, ನೀವೂ ಒಂದು ಕಾಲಕ್ಕೆ ಸೊಸೆಯಾಗಿ ಬಂದವರು, ನಿಮಗೇ ಗೊತ್ತಿರುತ್ತದೆ.

ಹಬ್ಬದವರೆಗೆ ಕಾಯಬೇಡಿ. ಪತ್ರಿಕೆ ಕೈಗೆ ಬಂದ ದಿನವೇ ಅವಳನ್ನು ಕರೆದು, ಆ ಮಾತನ್ನು ನಂಬಿದ್ದು ತಪ್ಪಾಯಿತು ಎಂದು ನಿಮ್ಮ ಬಾಯಿಂದಲೇ ಹೇಳಿ. ಮಗನ ಕೈಲಿ ಹೇಳಿಸಬೇಡಿ. ಕಡ್ಡಿ ಕತ್ತರಿಸುವುದು, ನೀರಿಗೆ ಇಡುವುದು, ನೆಡುವುದು ಅವಳ ಕೈಯಿಂದ ಆಗಲಿ, ನೀವು ಪಕ್ಕದಲ್ಲಿರಿ. ಐದಾರು ಕಡ್ಡಿಯಲ್ಲಿ ಒಂದೆರಡಕ್ಕೆ ಬೇರು ಬರದಿದ್ದರೆ ಅದನ್ನೂ ಶಕುನ ಮಾಡಿಕೊಳ್ಳಬೇಡಿ, ಎಲ್ಲ ಕಡ್ಡಿಗೂ ಬೇರು ಬರುವುದಿಲ್ಲ. ಶಾಂತಿ ಬೇಕೇ ಬೇಕು ಅಂತ ಮನಸ್ಸು ಕೇಳಿದರೆ ಇಷ್ಟು ಸಾಕು.

ಪ್ರಶ್ನೆ: ಎರಡನೇ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಕೆಳಗೆ ಪ್ಯಾರಪೆಟ್ ಗೋಡೆಯಲ್ಲಿ ಅರಳಿ ಗಿಡ ಹುಟ್ಟಿ ಎರಡು ಅಡಿ ಆಗಿದೆ. ಒಂದು ಚೂರು ಮಣ್ಣಿಲ್ಲದ ಜಾಗ, ಆದರೂ ಬೇಸಿಗೆಯಲ್ಲೂ ಹಸುರು. ಗೋಡೆ ಬಿರುಕು ಬಿಟ್ಟು ಕೆಳಗಿನ ಕೋಣೆಗೆ ನೀರು ಇಳಿಯುತ್ತಿದೆ. ಗಾರೆಯವರು ಅರಳಿ ಮುಟ್ಟಲು ಒಪ್ಪುತ್ತಿಲ್ಲ. ಅರಳಿ ಕಡಿದರೆ ವಂಶಕ್ಕೆ ಕೇಡು ಅನ್ನುತ್ತಾರೆ. ಮಗಳು ಏಳು ತಿಂಗಳ ಗರ್ಭಿಣಿ, ಬಾಣಂತನಕ್ಕೆ ಬಂದಿದ್ದಾಳೆ. ಹೆರಿಗೆಯಾಗುವವರೆಗೆ ಬಿಡುವುದೇ?
– ನಿವೃತ್ತ ನೌಕರರು, ಮೈಸೂರು

ಉತ್ತರ: ಬಿಡಬೇಡಿ. ಗರ್ಭಿಣಿ ಮಗಳು ಓಡಾಡುವ ಮನೆಯಲ್ಲಿ ಸಡಿಲವಾದ ಪ್ಯಾರಪೆಟ್ ಇಟ್ಟುಕೊಳ್ಳುವುದಕ್ಕಿಂತ ದೊಡ್ಡ ದೋಷ ಯಾವುದಿದೆ? ಅವಳಿರುವ ಕೋಣೆ ಆ ಗೋಡೆಯ ಕೆಳಗಿದ್ದರೆ ಇವತ್ತೇ ಬೇರೆ ಕೋಣೆಗೆ ಬದಲಿಸಿ, ಮುಂದಿನದನ್ನು ಆಮೇಲೆ ಓದಿ.

ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತ ಮರಗಳಲ್ಲಿ ತಾನು ಅಶ್ವತ್ಥ ಎನ್ನುತ್ತಾನೆ, ನಿಜ. ಅದೇ ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಸಂಸಾರವೆಂಬ ಅಶ್ವತ್ಥವನ್ನು ಅಸಂಗವೆಂಬ ಶಸ್ತ್ರದಿಂದ ಕತ್ತರಿಸು ಎಂದವನೂ ಅವನೇ. ಅದು ರೂಪಕ, ನಿಮ್ಮ ಗೋಡೆಯ ಗಿಡದ ಮಾತಲ್ಲ, ಒಪ್ಪುತ್ತೇನೆ. ಆದರೆ ಅಶ್ವತ್ಥ ಎಂಬ ಹೆಸರು ಕೇಳಿದೊಡನೆ ಕೈಕಟ್ಟಿ ಕೂರಬೇಕಿಲ್ಲ.

ನಿಮ್ಮ ಗೋಡೆಯಲ್ಲಿ ಆ ಗಿಡವನ್ನು ನೆಟ್ಟದ್ದು ಹಕ್ಕಿ. ಗೊರವಂಕ, ಕೋಗಿಲೆ, ಪಿಕಳಾರ ಇವೆಲ್ಲ ಅರಳಿಯ ಹಣ್ಣು ತಿಂದು ಎಲ್ಲೆಂದರಲ್ಲಿ ಹಿಕ್ಕೆ ಹಾಕುತ್ತವೆ. ಹಕ್ಕಿಯ ಹೊಟ್ಟೆ ದಾಟಿ ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ. ಆಲ, ಅತ್ತಿ, ಅರಳಿ, ಬಸರಿ ಎಲ್ಲವೂ ಈ ಜಾತಿಯವೇ. ಕಾಡಿನಲ್ಲಿ ಇವು ಬೇರೆ ಮರದ ಕವಲಿನಲ್ಲಿ ಹುಟ್ಟಿ ಕೆಳಗೆ ಬೇರು ಇಳಿಸುತ್ತವೆ. ಊರಿನಲ್ಲಿ ಗೋಡೆಯ ಸಂದೇ ಅವಕ್ಕೆ ಮರದ ಕವಲು. ಒಂದಷ್ಟು ಧೂಳು, ತುಸು ಗಾರೆ, ನಿತ್ಯದ ತೇವ ಇದ್ದರೆ ಸಾಕು. ಬೇಸಿಗೆಯಲ್ಲೂ ಹಸುರಾಗಿದೆ ಅಂದಿರಲ್ಲ, ಟ್ಯಾಂಕು ಸೋರುತ್ತಿದೆ ಎಂದೇ ಅರ್ಥ. ಇದನ್ನು ಶಕುನ ಅನ್ನುವುದಾದರೆ ನಿಮ್ಮ ಟ್ಯಾಂಕಿನ ಶಕುನ ಅನ್ನಿ, ವಂಶದ್ದಲ್ಲ. ಮೊದಲು ಪ್ಲಂಬರ್‌ನನ್ನು ಕರೆಸಿ. ಸೋರಿಕೆ ನಿಲ್ಲಿಸದೆ ಗಿಡ ತೆಗೆದರೆ ಮುಂದಿನ ಮಳೆಗೆ ಇನ್ನೊಂದು ಅಲ್ಲೇ ಕೂತಿರುತ್ತದೆ.

ದೇವಸ್ಥಾನದ ಗೋಪುರದಲ್ಲಿ ಅರಳಿ ಚಿಗುರಿದರೆ ಏನು ಮಾಡುತ್ತಾರೆ ನೋಡಿದ್ದೀರಾ? ಜೀರ್ಣೋದ್ಧಾರದ ಹೊತ್ತಿಗೆ ಕುಂಭಾಭಿಷೇಕಕ್ಕೆ ಮುಂಚೆ ತೆಗೆಸುತ್ತಾರೆ. ಅದೇ ದೇವಸ್ಥಾನದ ಕಟ್ಟೆಯಲ್ಲಿ ಅರಳಿಗೆ ಪ್ರದಕ್ಷಿಣೆ ನಡೆಯುತ್ತಿರುತ್ತದೆ. ಕಟ್ಟೆಯ ಅರಳಿಗೆ ಸಂಸ್ಕಾರವಾಗಿದೆ, ಉಪನಯನ ಮಾಡಿ ಬೇವಿನ ಜೊತೆ ಮದುವೆ ಮಾಡಿಸಿದ್ದಾರೆ, ನಾಗರ ಪ್ರತಿಷ್ಠೆಯಾಗಿದೆ. ಅಂಥ ಮರಕ್ಕೆ ಕೈ ಹಾಕುವಾಗ ವಿಧಿ ಬೇರೆ, ಯೋಚನೆ ಬೇರೆ. ಗೋಪುರದ ಸಂದಿನದು ಸಂಸ್ಕಾರವಿಲ್ಲದ ಸಸಿ, ಬಿಟ್ಟರೆ ಗೋಪುರವನ್ನೇ ಸೀಳುತ್ತದೆ. ಕಾಂಬೋಡಿಯದ ತಾ ಪ್ರೋಮ್ ದೇವಾಲಯದ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. 12ನೇ ಶತಮಾನದ ಕಲ್ಲಿನ ಕಟ್ಟಡವನ್ನು ಮರದ ಬೇರುಗಳು ಹೆಬ್ಬಾವಿನಂತೆ ಸುತ್ತಿಕೊಂಡಿವೆ. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೂ ಅಲ್ಲಿಗೆ ಹೋಗಿ ಸಂರಕ್ಷಣೆಯ ಕೆಲಸ ಮಾಡಿದ್ದಾರೆ. ಅಂಥ ಕಲ್ಲಿಗೇ ಹಾಗಾದರೆ ಒಂದು ಇಟ್ಟಿಗೆ ದಪ್ಪದ ಪ್ಯಾರಪೆಟ್ ಯಾವ ಲೆಕ್ಕ?

ತೆಗೆಯುವ ಕ್ರಮ ಹೇಳುತ್ತೇನೆ. ಪ್ರತಿಮೆಗಾಗಿ ಮರ ಕಡಿಯುವ ಮುನ್ನ ಏನು ಮಾಡಬೇಕೆಂದು ವರಾಹಮಿಹಿರರು ಹೇಳಿದ್ದಾರೆ. ಮರವನ್ನು ಪೂಜಿಸಿ, ಅದರಲ್ಲಿ ವಾಸಿಸುವ ಜೀವಗಳೆಲ್ಲ ಈ ಬಲಿಯನ್ನು ಸ್ವೀಕರಿಸಿ ಬೇರೆ ಕಡೆ ವಾಸ ಮಾಡಿಕೊಳ್ಳಲಿ, ನಮ್ಮನ್ನು ಕ್ಷಮಿಸಲಿ ಎಂದು ಬೇಡಿಕೊಳ್ಳುವುದು. ಎಂಥ ಮಾತು ನೋಡಿ. ಇರುವೆಗೂ ಅನ್ವಯಿಸುತ್ತದೆ, ಹಕ್ಕಿಗೂ ಅನ್ವಯಿಸುತ್ತದೆ. ನಿಮ್ಮ ಎರಡಡಿ ಗಿಡಕ್ಕೆ ಹಿಂದಿನ ಸಂಜೆ ಸ್ವಲ್ಪ ನೀರು, ಅಕ್ಷತೆ, ಒಂದಿಷ್ಟು ಮೊಸರನ್ನ ಇಟ್ಟು ಕನ್ನಡದಲ್ಲೇ ಹಾಗೆ ಕೇಳಿಕೊಳ್ಳಿ. ಶನಿವಾರ ಮಾತ್ರ ಬೇಡ, ಅದು ಅಶ್ವತ್ಥನ ಪೂಜೆಯ ದಿನ. ಗರ್ಭಿಣಿಯ ಪತಿ ಮರ ಕಡಿಯಬಾರದೆಂಬ ರೂಢಿ ನಮ್ಮಲ್ಲಿದೆ. ಹಾಗಾಗಿ ಅಳಿಯಂದಿರ ಕೈಗೆ ಉಳಿ ಕೊಡಬೇಡಿ. ಅಜ್ಜನಾಗುವವರಿಗೆ ಆ ನಿಷೇಧ ಇಲ್ಲ, ಗಾರೆಯವರಿಗೂ ಇಲ್ಲ. ಪಾಪವೇನಾದರೂ ಇದ್ದರೆ ನನಗಿರಲಿ ಎಂದು ನೀವು ಮೊದಲು ಉಳಿ ಮುಟ್ಟಿ ಅವರ ಕೈಗೆ ಕೊಡಿ, ಅವರು ಒಪ್ಪುತ್ತಾರೆ. ಗೋಡೆ ಸಡಿಲವಾಗಿದೆ, ನೀವು ಅಂಚಿಗೆ ಹೋಗಬೇಡಿ.

ಕಡಿಯುವ ಬದಲು ಬಿಡಿಸಿ ತೆಗೆಯಿರಿ. ಬೇರಿನ ಸುತ್ತ ಗಾರೆಯನ್ನು ಸ್ವಲ್ಪ ಸ್ವಲ್ಪವೇ ಒಡೆದು, ಆದಷ್ಟು ಬೇರು ಸಹಿತ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ, ದೊಡ್ಡ ಚೀಲದಲ್ಲಿ ಮಣ್ಣು ಹಾಕಿ ನೆರಳಿನಲ್ಲಿಡಿ. ಹೆಚ್ಚಿನ ಎಲೆ ಚಿವುಟಿಬಿಡಿ. ಅರಳಿ ಗಟ್ಟಿ ಜೀವ, ತುಂಡು ಬೇರಿನಿಂದಲೂ ಚಿಗುರುವುದುಂಟು. ಅದಕ್ಕೇ ಗೋಡೆಯೊಳಗೆ ಚೂರು ಉಳಿದರೂ ಮತ್ತೆ ಬರುತ್ತದೆ, ಪೂರ್ತಿ ತೆಗೆಸಿ ಗಾರೆ ಮಾಡಿಸಿ. ಚೀಲದ ಗಿಡ ಹಿಡಿದುಕೊಂಡ ಮೇಲೆ ಜಾಗವಿರುವ ದೇವಸ್ಥಾನಕ್ಕೋ ಕೆರೆ ಏರಿಗೋ, ಕೇಳಿ ಒಪ್ಪಿಸಿ. ನಿಮ್ಮ ಮೂವತ್ತು ನಲವತ್ತರ ಸೈಟಿನಲ್ಲಿ ನೆಡಬೇಡಿ. ಮನೆಯ ಪಶ್ಚಿಮಕ್ಕೆ ಅಶ್ವತ್ಥ ಶುಭ, ಪೂರ್ವಕ್ಕೆ ಅಶುಭ ಎಂದು ಬೃಹತ್ಸಂಹಿತೆಯ ವಾಸ್ತುವಿದ್ಯೆಯಲ್ಲಿ ಇದೆ, ಅದನ್ನು ಓದಿ ಕೆಲವರು ಪಶ್ಚಿಮದ ಕಾಂಪೌಂಡಿಗೇ ಅಂಟಿಸಿ ನೆಡುತ್ತಾರೆ. ಆ ಕಾಲದ ಮನೆಯ ಸುತ್ತಣ ಜಾಗವೆಷ್ಟು, ನಮ್ಮದೆಷ್ಟು! ಇನ್ನೊಬ್ಬ ಓದುಗರು ಮನೆಯ ಮುಂದಿನ ಬಲಿತ ಅರಳಿಯ ಬಗ್ಗೆ ಕೇಳಿದ್ದರು, ಅವರಿಗೂ ಇಲ್ಲೇ ಹೇಳುತ್ತೇನೆ. ಬೆಳೆದ ಮರವನ್ನು ಕಡಿಯಲು ಪೂಜೆ ಸಾಲದು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮೊದಲು ಅರ್ಜಿ, ಆಮೇಲೆ ಮುಹೂರ್ತ.

ಪ್ರಶ್ನೆ: ಬಟ್ಟೆ ಒಗೆದ ನೀರು, ಬಚ್ಚಲ ನೀರು ಹರಿಯುವ ಕಡೆ ಇರುವ ದಾಸವಾಳ, ನಂದಿಬಟ್ಟಲು ಕುಂಡದ ಗಿಡಗಳಿಗಿಂತ ಹತ್ತು ಪಟ್ಟು ಹೂ ಬಿಡುತ್ತಿವೆ. ಆ ಹೂ ದೇವರಿಗೆ ಬರುತ್ತದೆಯೇ? ಅತ್ತೆ ಬೇಡ ಅನ್ನುತ್ತಾರೆ.
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಬರುತ್ತದೆ. ನಿಮ್ಮ ಅತ್ತೆಯವರನ್ನು ಒಂದು ಮಾತು ಕೇಳಿ. ಅವರ ತವರಿನಲ್ಲಿ ಬಾಳೆ ಎಲ್ಲಿತ್ತು? ಹಳೆಯ ಮನೆಗಳಲ್ಲಿ ಬಚ್ಚಲ ಹಿಂದೆಯೇ ಬಾಳೆ, ಅದರ ಪಕ್ಕ ಕೆಸು. ಬಚ್ಚಲ ನೀರು ಕುಡಿದ ಆ ಬಾಳೆಯ ಕುಡಿ ಎಲೆಯಲ್ಲೇ ದೇವರ ನೈವೇದ್ಯ, ಆ ಬಾಳೆಯ ಎಲೆಯಲ್ಲೇ ಶ್ರಾದ್ಧದ ಊಟ. ನಮ್ಮ ಪಾಠಶಾಲೆಯಲ್ಲೂ ಹಾಗೇ ಇತ್ತು, ಎಪ್ಪತ್ತು ವಿದ್ಯಾರ್ಥಿಗಳ ಸ್ನಾನದ ನೀರು ಬಾಳೆತೋಟಕ್ಕೆ. ಘನಾಂತ ಅಧ್ಯಯನ ಮಾಡಿದ ನಮ್ಮ ಗುರುಗಳು ಆ ಎ‌ಲೆಯನ್ನು ತೊಳೆಸಿ ಬಡಿಸಿಕೊಳ್ಳುತ್ತಿದ್ದರು, ಒಂದು ದಿನವೂ ಆಕ್ಷೇಪಿಸಲಿಲ್ಲ. ಬುಡಕ್ಕೆ ಹೋದ ನೀರು ಮಣ್ಣಿನಲ್ಲಿ ಸೋಸಿ, ಗಿಡದೊಳಗೆ ಬೇರೆಯೇ ಆಗಿ ಹೂವಿಗೆ ಬರುತ್ತದೆ.

ಆದರೆ ಅಂದಿನ ನೀರಿನಲ್ಲಿ ಇದ್ದದ್ದು ಸೀಗೆಪುಡಿ, ಕಡಲೆಹಿಟ್ಟು. ಇಂದಿನದರಲ್ಲಿ ವಾಷಿಂಗ್ ಪೌಡರ್, ಬ್ಲೀಚು, ಫಿನಾಯಿಲ್. ಪುಡಿಯ ಉಪ್ಪು ಮಣ್ಣಿನಲ್ಲಿ ಕೂಡಿ ಕೆಲವು ವರ್ಷದಲ್ಲಿ ಅದೇ ಗಿಡವನ್ನು ಸೊರಗಿಸಬಹುದು. ಬಟ್ಟೆಯ ಮೊದಲ ನೊರೆ ನೀರನ್ನು ಬೇರೆ ಕಡೆ ಬಿಟ್ಟು, ಜಾಲಿಸಿದ ನೀರನ್ನು ಮಾತ್ರ ಗಿಡಕ್ಕೆ ಹರಿಸಿ. ನಡುನಡುವೆ ಒಳ್ಳೆಯ ನೀರನ್ನೂ ಹೊಯ್ಯಿರಿ. ಪಾಯಿಖಾನೆಯ ನೀರು ಬೆರೆಯುವ ಕಡೆಯ ಹೂ ಬೇಡ, ನೆಲಕ್ಕೆ ಬಿದ್ದ ಹೂವೂ ಬೇಡ. ಪಾರಿಜಾತಕ್ಕೆ ಮಾತ್ರ ಆ ನಿಯಮವಿಲ್ಲ, ಅದು ಬಿದ್ದೇ ಸಿಗುವುದು, ಕೆಳಗೊಂದು ಬಿಳಿ ಬಟ್ಟೆ ಹಾಸಿದರಾಯಿತು. ದಾಸವಾಳವನ್ನು ಬೆಳಿಗ್ಗೆ ಗಿಡದಿಂದಲೇ ಬಿಡಿಸಿ, ನೀರು ಚಿಮುಕಿಸಿ ಬುಟ್ಟಿಗೆ ಹಾಕಿಕೊಳ್ಳಿ. ಮೊದಲ ಬುಟ್ಟಿಯನ್ನು ಅತ್ತೆಯವರ ಕೈಗೇ ಕೊಡಿ, ಅವರೇ ಏರಿಸಲಿ.